ಮುಕ್ಕಾಲು ಸೆಕೆಂಡಿನ ಕೆಲಸ

ಜೀವಕೋಶಗಳು ಆಹಾರದಿಂದ ಶಕ್ತಿಯನ್ನು ಪಡೆಯುವಾಗ ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಅದು ಹೊರಹೋಗದಿದ್ದರೆ ರಕ್ತವು ಆಮ್ಲೀಯವಾಗಿ ಪ್ರಾಣಕ್ಕೇ ಅಪಾಯ. ರಕ್ತವು ಅದರ ಬಹುಭಾಗವನ್ನು ಅನಿಲವಾಗಿ ಅಲ್ಲ, ನೀರಿನೊಡನೆ ಸೇರಿ ಆದ ಬೈಕಾರ್ಬೊನೇಟ್ ರೂಪದಲ್ಲಿ ಹೊತ್ತು ಶ್ವಾಸಕೋಶಕ್ಕೆ ತರುತ್ತದೆ. ಅಲ್ಲಿ ಅದು ಮತ್ತೆ ಅನಿಲವಾದರೆ ಮಾತ್ರ ಉಸಿರಿನೊಡನೆ ಹೊರಬಿದ್ದೀತು. ಆದರೆ ರಕ್ತವು ಶ್ವಾಸಕೋಶದ ಲೋಮನಾಳಗಳನ್ನು ಹಾದುಹೋಗುವ ಕಾಲವೆಷ್ಟು? ನಾವು ವಿಶ್ರಾಂತಿಯಲ್ಲಿರುವಾಗ ಸುಮಾರು ಮುಕ್ಕಾಲು ಸೆಕೆಂಡು; ದುಡಿಯುವಾಗ ಇನ್ನೂ ಕಡಮೆ. ಈ ಪರಿವರ್ತನೆಗಾದರೋ, ತಾನಾಗಿಯೇ ನಡೆಯುವುದಾದರೆ, ಹಲವು ಸೆಕೆಂಡುಗಳು ಬೇಕು. ಹಾಗಾದರೆ ನಾವು ಬದುಕಿರುವುದು ಹೇಗೆ?

ಇದಕ್ಕೆ ಉತ್ತರ ದೊರೆತದ್ದು ಕೆಂಪು ರಕ್ತಕಣಗಳಲ್ಲಿ. ಕೇಂಬ್ರಿಜಿನ ಮೆಲ್ಡ್ರಮ್ ಮತ್ತು ರೌಟನ್ ಎಂಬ ವಿಜ್ಞಾನಿಗಳು ಈ ಕ್ರಿಯೆಯನ್ನು ತ್ವರೆಗೊಳಿಸುವ ಕಿಣ್ವವೊಂದನ್ನು ಬೇರ್ಪಡಿಸಿ, ೧೯೩೩ರಲ್ಲಿ ಅದರ ಗುಣಗಳನ್ನು ವಿವರಿಸಿದರು. ಅದರ ಹೆಸರು ಕಾರ್ಬಾನಿಕ್ ಅನ್‌ಹೈಡ್ರೇಸ್.

ಕಿಣ್ವಗಳೆಂದರೆ ಜೀವಕೋಶಗಳು ತಯಾರಿಸುವ ವೇಗವರ್ಧಕಗಳು. ಅವುಗಳಲ್ಲಿ ಬಹುಪಾಲು ಪ್ರೋಟೀನುಗಳು. ಅವು ಕ್ರಿಯೆಯನ್ನು ತ್ವರೆಗೊಳಿಸುತ್ತವೆ. ತಾವು ಮಾತ್ರ ವ್ಯಯವಾಗುವುದಿಲ್ಲ.

ಯಾವುದೇ ರಾಸಾಯನಿಕ ಕ್ರಿಯೆ ನಡೆಯಬೇಕಾದರೆ ಅಣುಗಳು ಶಕ್ತಿಯ ಒಂದು ಘಟ್ಟವನ್ನು ಹತ್ತಿ ಇಳಿಯಬೇಕು. ಪ್ರಯೋಗಶಾಲೆಯಲ್ಲಿ ನಾವು ಶಾಖ ಕೊಟ್ಟು ಅವುಗಳನ್ನು ಹತ್ತಿಸುತ್ತೇವೆ. ೩೭ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಬಾಳಬೇಕಾದ ದೇಹಕ್ಕೆ ಆ ಉಪಾಯ ಸಲ್ಲದು. ಕಿಣ್ವವು ಘಟ್ಟದ ನಡುವೆ ತಗ್ಗಾದ ಬೇರೊಂದು ದಾರಿಯನ್ನು ತೆರೆಯುತ್ತದೆ. ಘಟ್ಟದ ಎರಡು ಬದಿಯ ಊರುಗಳ ಎತ್ತರವನ್ನು ಅದು ಬದಲಿಸದು. ಆದುದರಿಂದ ದಾರಿಯು ಹೋಗುವುದಕ್ಕೂ ಬರುವುದಕ್ಕೂ ಒಂದೇ. ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿರುವ ಸ್ನಾಯುಗಳಲ್ಲಿ ಬೈಕಾರ್ಬೊನೇಟ್ ಆಗುವುದೂ, ಅದು ಕಡಮೆಯಿರುವ ಶ್ವಾಸಕೋಶದಲ್ಲಿ ಬೈಕಾರ್ಬೊನೇಟ್ ಒಡೆಯುವುದೂ ಇದೇ ಕಿಣ್ವದ ನೆರವಿನಿಂದ.

ಈ ಕಿಣ್ವದ ಅಣುವಿನಲ್ಲಿ ಒಂದು ಗುಳಿ, ಗುಳಿಯ ತಳದಲ್ಲಿ ಒಂದು ಸತುವಿನ ಪರಮಾಣು. ಅದಕ್ಕೆ ಅಂಟಿದ ನೀರಿನ ಅಣುವು ಸುಲಭವಾಗಿ ಒಂದು ಪ್ರೋಟಾನನ್ನು ಬಿಟ್ಟುಕೊಡುತ್ತದೆ. ಉಳಿದ ಭಾಗವು ಇಂಗಾಲದ ಡೈಆಕ್ಸೈಡಿನ ಮೇಲೆರಗಿ ಬೈಕಾರ್ಬೊನೇಟ್ ಆಗುತ್ತದೆ. ಅದು ಹೊರಟೊಡನೆ ಮತ್ತೊಂದು ನೀರಿನ ಅಣು ಅಲ್ಲಿ ಬಂದು ಕೂರುತ್ತದೆ. ಈ ಬಗೆಯ ಅತಿ ವೇಗದ ಕಿಣ್ವದ ಒಂದೇ ಅಣು ಸೆಕೆಂಡಿಗೆ ಸುಮಾರು ೧೦ ಲಕ್ಷ ಸಲ ಹೀಗೆ ಮಾಡಬಲ್ಲುದು.

ಗುಳಿಯ ಆಕಾರವೇ ಕಿಣ್ವದ ಬಲ. ಅತಿಯಾಗಿ ಕಾಯಿಸಿದರೆ ಪ್ರೋಟೀನಿನ ಮಡಿಕೆಗಳು ಬಿಚ್ಚಿಕೊಂಡು ಕಿಣ್ವ ನಿಷ್ಫಲವಾಗುತ್ತದೆ. ಸರಿಯಾದ ವಸ್ತುವೊಂದು ಗುಳಿಗೆ ಸೇರಿ ಸತುವಿಗೆ ಅಂಟಿಕೊಂಡರೂ ಕೆಲಸ ನಿಲ್ಲುತ್ತದೆ. ಈ ತಡೆಯೇ ವೈದ್ಯರಿಗೆ ಸಾಧನವಾಗಿದೆ. ಕಣ್ಣಿನೊಳಗೆ ದ್ರವವು ಒಸರುವುದಕ್ಕೂ ಇದೇ ಕಿಣ್ವ ಬೇಕು. ಗ್ಲಾಕೋಮಾ ರೋಗದಲ್ಲಿ ಸಾಮಾನ್ಯವಾಗಿ ಆ ದ್ರವದ ಒತ್ತಡ ಏರಿ ದೃಷ್ಟಿನರವು ಕೆಡುತ್ತದೆ. ೧೯೫೦ರ ದಶಕದಿಂದ ಬಳಕೆಯಲ್ಲಿರುವ ಅಸೆಟಜೋಲಮೈಡ್ ಎಂಬ ಔಷಧವು ಕಿಣ್ವವನ್ನು ತಡೆದು ಒತ್ತಡವನ್ನು ಇಳಿಸುತ್ತದೆ. ಉಸಿರನ್ನು ಕಾಯುವ ಕಿಣ್ವದ ಗುಟ್ಟನ್ನು ಅರಿತದ್ದರಿಂದ ಕಣ್ಣನ್ನು ಕಾಯುವ ದಾರಿಯೂ ನಮಗೆ ದೊರೆಯಿತು.