ಹೆಬ್ಬೆರಳಿನ ಬೆಲೆ

ದ್ರೋಣಾಚಾರ್ಯರು ಏಕಲವ್ಯನಿಂದ ಕೇಳಿದ್ದು ಪ್ರಾಣವನ್ನಲ್ಲ, ತೋಳನ್ನೂ ಅಲ್ಲ; ಬಲಗೈಯ ಹೆಬ್ಬೆರಳೊಂದನ್ನು. ಮಿಕ್ಕ ಬೆರಳುಗಳಿಂದ ಅವನು ಬಾಣ ಬಿಡುತ್ತಲೇ ಇದ್ದನಾದರೂ ಹಿಂದಿನ ಕೈಚಳಕ ಮರಳಲಿಲ್ಲವೆಂದು ಮಹಾಭಾರತ ಹೇಳುತ್ತದೆ. ಹೆಬ್ಬೆರಳು ಹೋದರೆ ಬಿಲ್ಲುಗಾರನಲ್ಲಿ ಎಷ್ಟು ಪಾಲು ಹೋದಂತೆ? ಆಚಾರ್ಯರಿಗೆ ಆ ಲೆಕ್ಕ ಚೆನ್ನಾಗಿ ತಿಳಿದಿತ್ತು. ನಮ್ಮ ದೇಶದ ಕಾನೂನೂ ಇದಕ್ಕೊಂದು ಉತ್ತರವನ್ನು ಬರೆದಿಟ್ಟಿದೆ: ನೂರಕ್ಕೆ 30.

ಈ ಉತ್ತರವಿರುವುದು ಕಾರ್ಮಿಕರ ನಷ್ಟಪರಿಹಾರದ ಕಾನೂನಿಗೆ ಲಗತ್ತಾದ ಒಂದು ಪಟ್ಟಿಯಲ್ಲಿ. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರದ ಬೆರಳಿಗೋ ಕಿರುಬೆರಳಿಗೋ 7. ಒಂದು ಕಣ್ಣು ಹೋಗಿ ಇನ್ನೊಂದು ನೆಟ್ಟಗಿದ್ದರೆ 40. ಎರಡೂ ಕೈಗಳಿಗೆ ಪೂರ್ತಿ ನೂರು. ಮನುಷ್ಯದೇಹವನ್ನು ಹೀಗೆ ಅಂಗಡಿಯ ದರಪಟ್ಟಿಯಂತೆ ಓದುವಾಗ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಪಟ್ಟಿಯೇ ಇಲ್ಲದ ಕಾಲ ಇದಕ್ಕಿಂತ ಕ್ರೂರವಾಗಿತ್ತು. ಆಗ ಗಾಯಗೊಂಡವನೇ ನ್ಯಾಯಾಲಯಕ್ಕೆ ಹೋಗಿ, ತಪ್ಪು ಮಾಲೀಕನದೆಂದು ಸಾಧಿಸಿ ತೋರಿಸಬೇಕಾಗಿತ್ತು. 1924ರ ಜುಲೈ 1ರಂದು ಜಾರಿಗೆ ಬಂದ 1923ರ ಅಧಿನಿಯಮ ಆ ಹೊರೆಯನ್ನು ಇಳಿಸಿತು. ಅಪಘಾತ ಕೆಲಸದಿಂದ ಮತ್ತು ಕೆಲಸದ ವೇಳೆಯಲ್ಲಿ ಸಂಭವಿಸಿತೇ ಎಂಬುದಷ್ಟೇ ಮುಖ್ಯವಾಯಿತು. ಕೆಲಸಗಾರ ಅಜಾಗರೂಕನಾಗಿದ್ದನೆಂಬ ಮಾತ್ರಕ್ಕೆ ಪರಿಹಾರ ತಪ್ಪುವಂತಿರಲಿಲ್ಲ.

ಹಣದ ಲೆಕ್ಕ ಹೀಗೆ. ಮೂವತ್ತು ವರ್ಷದ ಒಬ್ಬ ಟರ್ನರನಿಗೆ ತಿಂಗಳಿಗೆ 10,000 ರೂಪಾಯಿ ಕೂಲಿ ಎಂದು ಇಟ್ಟುಕೊಳ್ಳೋಣ. ಅದರ ನೂರಕ್ಕೆ 60ನ್ನು ಆ ವಯಸ್ಸಿಗೆ ಗೊತ್ತುಮಾಡಿರುವ 207.98 ಎಂಬ ಗುಣಕದಿಂದ ಗುಣಿಸಿದರೆ 12,47,880 ರೂಪಾಯಿ. ಇದು ಪೂರ್ಣ ಅಶಕ್ತತೆಯ ಬೆಲೆ. ಹೆಬ್ಬೆರಳಿಗೆ ಅದರಲ್ಲಿ ನೂರಕ್ಕೆ 30, ಅಂದರೆ 3,74,364. ವಯಸ್ಸು ಏರಿದಂತೆ ಗುಣಕ ಇಳಿಯುತ್ತದೆ. ಉಳಿದಿರುವ ದುಡಿಮೆಯ ವರ್ಷಗಳು ಕಡಿಮೆ ಎಂಬುದು ಇದರ ತರ್ಕ. ಇ.ಎಸ್.ಐ. ವಿಮೆಗೆ ಒಳಪಟ್ಟವರಿಗೆ ಈ ಇಡಿಗಂಟಿನ ಬದಲು ತಿಂಗಳುತಿಂಗಳು ಸಲ್ಲುವ ಹಣವಿದೆ. ಆ ದಾರಿ ಬೇರೆ.

ಅಜಾಗರೂಕತೆಗೆ ಕ್ಷಮೆಯಿದ್ದರೂ, ಸುರಕ್ಷತೆಗೆಂದು ಒದಗಿಸಿದ ಸಾಧನವನ್ನು ತಿಳಿದೂ ತಿಳಿದೂ ತೆಗೆದುಹಾಕಿದವನಿಗೆ ಅದು ಪೂರ್ತಿಯಾಗಿ ಸಿಗಲಿಲ್ಲ. ಸತ್ತರೆ ಅಥವಾ ಶಾಶ್ವತವಾಗಿ ಪೂರ್ಣ ಅಶಕ್ತನಾದರೆ ಮಾತ್ರ ಮಾಲೀಕ ಈ ನೆಪ ಹೂಡುವಂತಿಲ್ಲ. ಬರಿಯ ಬೆರಳು ಹೋದರೆ ಹೂಡಬಹುದು. ತಗಡನ್ನು ಒತ್ತಿ ಕತ್ತರಿಸುವ ಪವರ್ ಪ್ರೆಸ್ಸನ್ನೇ ನೋಡಿ. ಎರಡೂ ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರಷ್ಟೇ ಯಂತ್ರ ಕೆಳಗಿಳಿಯುವಂತೆ ಅದನ್ನು ಮಾಡಬಹುದು. ಆಗ ಬೆರಳು ಡೈಯ ಕೆಳಗೆ ಉಳಿಯುವ ಪ್ರಶ್ನೆಯೇ ಇಲ್ಲ. ಆದರೆ ಹಾಗೆ ಮಾಡಿದರೆ ಗಂಟೆಗೆ ಹೊರಬರುವ ಬಿಲ್ಲೆಗಳು ಕಡಿಮೆ. ಒಂದು ಗುಂಡಿಗೆ ಬೆಣೆ ಸಿಕ್ಕಿಸಿದರೆ ಒಂದು ಕೈ ಬಿಡುವಾಗುತ್ತದೆ, ಎಣಿಕೆ ಏರುತ್ತದೆ. ಬೆಣೆ ಸಿಕ್ಕಿಸಿದ ಕೈ ಕೆಲಸಗಾರನದು. ಎಣಿಕೆ ಬೇಕಾದದ್ದು ಯಾರಿಗೆ ಎಂಬುದನ್ನು ದಾಖಲೆಯಲ್ಲಿ ಯಾರೂ ಬರೆಯುವುದಿಲ್ಲ.

ಈ ಪಟ್ಟಿಯ ದೊಡ್ಡ ಕೊರತೆ ಬೇರೆಯೇ ಇದೆ. ಅದು ಅಂಗವನ್ನು ಅಳೆಯುತ್ತದೆ, ಕಸುಬನ್ನು ಅಳೆಯುವುದಿಲ್ಲ. ಗುಮಾಸ್ತನ ಹೆಬ್ಬೆರಳೂ ನೇಕಾರನ ಹೆಬ್ಬೆರಳೂ ಅದಕ್ಕೆ ಒಂದೇ. ಈ ಕೊರತೆಯನ್ನು ತುಂಬಿದ ಮೊಕದ್ದಮೆಯೊಂದು ಒಡಿಶಾದ ಕೋರಾಪುಟ್ ಜಿಲ್ಲೆಯದು. ಅಲ್ಲಿ ಸಿನಿಮಾ ಮಂದಿರವೊಂದರ ಅಲಂಕಾರದ ಕೆಲಸದಲ್ಲಿದ್ದ ಬಡಗಿಯೊಬ್ಬ 1968ರ ಜುಲೈಯಲ್ಲಿ ಬಿದ್ದು ಗಾಯಗೊಂಡ. ಎಡತೋಳನ್ನು ಮೊಳಕೈಯ ಮೇಲೆ ಕತ್ತರಿಸಬೇಕಾಯಿತು. ಪಟ್ಟಿಯ ಪ್ರಕಾರ ಇದು ಭಾಗಶಃ ಅಶಕ್ತತೆ ಮಾತ್ರವೆಂದು ಮಾಲೀಕನ ವಾದ. 1975ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಅಪಘಾತದ ವೇಳೆಗೆ ಮಾಡಬಲ್ಲವನಾಗಿದ್ದ ಕೆಲಸವನ್ನೆಲ್ಲ ಮಾಡಲಾಗದ ಸ್ಥಿತಿಯೇ ಪೂರ್ಣ ಅಶಕ್ತತೆ ಎನ್ನುತ್ತದೆ ಕಾನೂನು. ಒಂದೇ ಕೈಯಿಂದ ಬಡಗಿತನ ನಡೆಯದು. ಆದುದರಿಂದ ನಷ್ಟ ನೂರಕ್ಕೆ ನೂರು. ಪರಿಹಾರವೂ ಅಪಘಾತವಾದ ದಿನದಿಂದಲೇ ಸಲ್ಲತಕ್ಕದ್ದು, ಅಧಿಕಾರಿ ತೀರ್ಪು ಕೊಟ್ಟ ದಿನದಿಂದಲ್ಲ ಎಂದೂ ನ್ಯಾಯಾಲಯ ಹೇಳಿತು. ಕಸುಬನ್ನು ಬಲ್ಲವರ ತೀರ್ಪು ಇದು ಎನ್ನಬೇಕು. 2011ರಲ್ಲಿ ರಸ್ತೆ ಅಪಘಾತದ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯ ಈ ವಿವೇಕವನ್ನು ಇನ್ನಷ್ಟು ಬಿಡಿಸಿ ಹೇಳಿತು: ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆದರೆ ಸಂಪಾದನೆಯ ಶಕ್ತಿ ಬಹುಮಟ್ಟಿಗೆ ಪೂರ್ತಿ ಹೋದಂತೆ, ಸರ್ಕಾರಿ ಗುಮಾಸ್ತನಾದರೆ ನೌಕರಿ ಉಳಿಯಬಹುದು.

ನೌಕರಿಯ ಮಾತು ಬಂತು. ಕೆಲಸದಲ್ಲಿರುವಾಗ ಅಂಗವಿಕಲನಾದ ಸರ್ಕಾರಿ ನೌಕರನನ್ನು ತೆಗೆದುಹಾಕಬಾರದು, ಅದೇ ಸಂಬಳದ ಬೇರೆ ಹುದ್ದೆಗೆ ವರ್ಗಾಯಿಸಬಹುದು ಎಂದು 2016ರ ಅಂಗವಿಕಲರ ಹಕ್ಕುಗಳ ಕಾನೂನು ವಿಧಿಸಿದೆ. ಖಾಸಗಿ ವರ್ಕ್‌ಷಾಪಿನ ನಮ್ಮ ಟರ್ನರನಿಗೆ ಆ ಆಸರೆಯನ್ನು ಅದು ಚಾಚಿಲ್ಲ. ಬೆರಳಿಗೆ ಬೆಲೆ ಸಿಕ್ಕ ಮೇಲೂ ಲೇತಿನ ಮುಂದೆ ಅವನ ಜಾಗ ಉಳಿದಿರುವುದೇ ಎಂಬುದಕ್ಕೆ ಪಟ್ಟಿಯಲ್ಲಿ ಉತ್ತರವಿಲ್ಲ.

1923ರ ಅಧಿನಿಯಮದ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದು ಜಾರಿಯಾದದ್ದು 2025ರ ನವೆಂಬರ್ 21ರಂದು. ಅಂಗಗಳ ಪಟ್ಟಿ, ವಯಸ್ಸಿನ ಗುಣಕ ಎಲ್ಲವೂ ಅದರಲ್ಲಿ ಮುಂದುವರಿದಿವೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಾದ ಅಪಘಾತವೂ, ಕೆಲಸದೊಡನೆ ಅದರ ನಂಟು ಸ್ಪಷ್ಟವಿದ್ದರೆ, ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಆಸ್ಪತ್ರೆಯ ಮಂಚದ ಬಳಿ ಮೇಸ್ತ್ರಿಯೊಬ್ಬ ಕಾಗದ ಹಿಡಿದು ಬರುವುದುಂಟು: ಇಷ್ಟು ಹಣ ಪಡೆದಿದ್ದೇನೆ, ಇನ್ನು ಯಾವ ಹಕ್ಕೂ ಇಲ್ಲ ಎಂದು. ಪರಿಹಾರದ ಹಕ್ಕನ್ನೇ ಬಿಟ್ಟುಕೊಡುವ ಇಂಥ ಒಪ್ಪಂದ ಕಾನೂನಿನ ಕಣ್ಣಿನಲ್ಲಿ ಶೂನ್ಯ. ಚಿಕಿತ್ಸೆಗೆಂದು ಮಾಲೀಕ ಕೊಟ್ಟ ಹಣವನ್ನೂ ಪರಿಹಾರದಲ್ಲಿ ಮುರಿದುಕೊಳ್ಳುವಂತಿಲ್ಲ. ಆ ಕಾಗದದ ಮೇಲೆ ಒತ್ತಿಸಿಕೊಳ್ಳುವುದು ಸಾಮಾನ್ಯವಾಗಿ ಎಡಗೈಯ ಹೆಬ್ಬೆರಳನ್ನೇ.