ಹದಿನೆಂಟು ಡಿಗ್ರಿಯ ರಾತ್ರಿ

ಹಣ್ಣಿನ ನೊಣ ಡ್ರೊಸೊಫಿಲಾದ ಮೇಲೆ ಸಂಶೋಧನೆ ಮಾಡುವವರ ದಿನಚರಿಯನ್ನು ಗೊತ್ತುಮಾಡುವುದು ಆ ನೊಣವೇ. ಮನೆಯಲ್ಲಿ ಶಾಲೆಗೆ ಹೋಗುವ ಮಗುವೋ ಹಾಸಿಗೆ ಹಿಡಿದ ಅತ್ತೆಯೋ ಇದ್ದರೆ ಆ ದಿನಚರಿಗೆ ಇನ್ನೊಬ್ಬರ ಹಕ್ಕೂ ಸೇರುತ್ತದೆ. ಎರಡನ್ನೂ ತೂಗಿಸಿಕೊಂಡು ಹೋಗುವುದು ಒಂದು ಕಸುಬು. ಸೆಮಿನಾರುಗಳಲ್ಲಿ ಇದರ ಮಾತು ಬರುವುದು ಅಪರೂಪ. ಲ್ಯಾಬಿನಲ್ಲಿ ಸೀನಿಯರ್ ಅಕ್ಕಂದಿರು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿಕೊಡುತ್ತಾರೆ.

ತಳಿ ಸಂಕರಕ್ಕೆ ಇನ್ನೂ ಗಂಡಿನ ಜೊತೆ ಕೂಡದ ಹೆಣ್ಣು ನೊಣವೇ ಬೇಕು. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ದಿನಗಟ್ಟಲೆ ಒಳಗೆ ಕಾಪಿಟ್ಟುಕೊಳ್ಳುತ್ತದೆ, ಮರಿಗಳ ತಂದೆ ಯಾರೆಂಬ ಲೆಕ್ಕವೇ ಕೆಡುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೋಶ ಒಡೆದು ಬಂದ ಹೆಣ್ಣು ಸುಮಾರು 8 ಗಂಟೆ ಗಂಡನ್ನು ಹತ್ತಿರ ಸೇರಿಸುವುದಿಲ್ಲ. ಅಂದರೆ ರಾತ್ರಿಯೂ ಎದ್ದು ಬಂದು ನೊಣ ಸಾಕಿದ ಸೀಸೆ ನೋಡಬೇಕು. ಆದರೆ ಸೀಸೆಯನ್ನು 18 ಡಿಗ್ರಿಯ ಇನ್‌ಕ್ಯುಬೇಟರಿಗೆ ಹಾಕಿದರೆ ಬೆಳವಣಿಗೆ ನಿಧಾನವಾಗಿ ಆ ಅವಧಿ ಸುಮಾರು 16 ಗಂಟೆಗೆ ಹಿಗ್ಗುತ್ತದೆ. ಅಷ್ಟು ಸಾಕು! ಬೆಳಿಗ್ಗೆ 9ಕ್ಕೆ ಹಾರುವ ನೊಣ ಒಂದೂ ಉಳಿಯದಂತೆ ಸೀಸೆ ಖಾಲಿ ಮಾಡಿ 25 ಡಿಗ್ರಿಯಲ್ಲಿಟ್ಟು, ಸಂಜೆ 5ರೊಳಗೆ ಹೊಸ ಹೆಣ್ಣುಗಳನ್ನು ಆರಿಸಿ, ಮತ್ತೆ ಖಾಲಿ ಮಾಡಿ 18ಕ್ಕೆ ಸಾಗಿಸಿದರೆ ಮರುದಿನ 9ರವರೆಗೆ ನಿಶ್ಚಿಂತೆ. ಮಗುವನ್ನು ಶಾಲೆಗೆ ಬಿಟ್ಟು ಬರಬಹುದು, ರಾತ್ರಿಯ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಬಹುದು.

ಆರಿಸುವ ಕೈಯನ್ನು ನೋಡಬೇಕು. ಇಂಗಾಲದ ಡೈಆಕ್ಸೈಡ್ ಹಾಯಿಸಿ ಮಲಗಿಸಿದ ನೊಣಗಳನ್ನು ಸೂಕ್ಷ್ಮದರ್ಶಕದಡಿ ಹರಡಿ, ಸಣ್ಣ ಕುಂಚದ ತುದಿಯಿಂದ ಬೇರೆ ಮಾಡುತ್ತಾರೆ. ಈಗಷ್ಟೇ ಹುಟ್ಟಿದ ಹೆಣ್ಣಿನ ಮೈ ಬಿಳಿಚಿಕೊಂಡಿರುತ್ತದೆ, ತೆಳು ಹೊಟ್ಟೆಯೊಳಗೆ ಹಸಿರುಗಪ್ಪು ಚುಕ್ಕೆಯೊಂದು ಕಾಣುತ್ತದೆ. ಪಳಗಿದವರು ಅದನ್ನು ಕಂಡ ಕ್ಷಣಕ್ಕೆ ಕುಂಚ ಆಡಿಸಿರುತ್ತಾರೆ.

ಆಹಾರದ ತಯಾರಿಯಲ್ಲೂ ಇದೇ ಮುಂದಾಲೋಚನೆ. ಡ್ರೊಸೊಫಿಲಾ ತಳಿಗಳ ಭಂಡಾರವೇ ಇರುವ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ರವೆ, ಬೆಲ್ಲ, ಅಗರ್ ಬೇಯಿಸಿ, ಬೂಷ್ಟು ಹಿಡಿಯದಂತೆ ಪ್ರೊಪಿಯಾನಿಕ್ ಆಮ್ಲ ಬೆರೆಸಿ ಸೀಸೆಗೆ ಸುರಿಯುವ ರೂಢಿಯಿದೆ. ಜಾಣರು ಬಿಡುವಿದ್ದ ದಿನವೇ ನಾಲ್ಕು ಸೀಸೆ ಹೆಚ್ಚು ತುಂಬಿಸಿ ತಣ್ಣಗಿಡುತ್ತಾರೆ. ಮಗುವಿಗೆ ಜ್ವರ ಬಂದ ವಾರ ಅವು ಕೈಹಿಡಿಯುತ್ತವೆ.

ಒಬ್ಬರ ಜಾಣ್ಮೆಗೆ ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗೆಂದು ಸೇವಾವಧಿಯಲ್ಲಿ 730 ದಿನಗಳ ರಜೆಯುಂಟು; ಒಂಟಿ ತಂದೆಗೂ ಉಂಟು. ಅತ್ತೆಮಾವನ ಆರೈಕೆಗೆ ಆ ರಜೆ ಬಾರದು. ಫೆಲೋಶಿಪ್ಪಿನ ಮೇಲಿರುವ ವಿದ್ಯಾರ್ಥಿನಿ ನೌಕರಳೇ ಅಲ್ಲ. ಇನ್ನು ನೊಣದ ತಳಿಗಳನ್ನು ಬ್ಯಾಕ್ಟೀರಿಯಾದಂತೆ ಶೀತಲೀಕರಿಸಿ ಇಡುವ ವಾಡಿಕೆಯಿಲ್ಲ. 18 ಡಿಗ್ರಿಯಲ್ಲಿದ್ದರೂ ಸುಮಾರು ತಿಂಗಳಿಗೊಮ್ಮೆ ಹೊಸ ಸೀಸೆಗೆ ದಾಟಿಸಲೇಬೇಕು.

ಆದ್ದರಿಂದ ನಾನು ಅತಿ ಹೆಚ್ಚು ಮೆಚ್ಚುವುದು ಸೀಸೆಯ ಮೇಲಿನ ಚೀಟಿಯನ್ನು. ತಳಿಯ ಹೆಸರು, ದಾಟಿಸಿದ ತಾರೀಖು, ಮುಂದೇನು ಮಾಡಬೇಕೆಂಬ ಒಂದು ಸಾಲು, ಇನ್ನೊಬ್ಬರು ಫೋನ್ ಮಾಡಿ ಕೇಳಬೇಕಾಗದಷ್ಟು ಸ್ಪಷ್ಟವಾಗಿ. ಅಂಥ ಚೀಟಿ ಅಂಟಿಸುವ, ಅದನ್ನು ನೋಡಿ ಪರರ ಸೀಸೆಯನ್ನೂ ದಾಟಿಸುವ ಪಾಳಿಯನ್ನು ಗಂಡಸರು ಹೆಂಗಸರೆನ್ನದೆ ಎಲ್ಲರಿಗೂ ಹಾಕಿದ ಲ್ಯಾಬಿನಲ್ಲಿ, ಹದಿನೈದು ದಿನ ಆಸ್ಪತ್ರೆಯಲ್ಲಿ ಕೂತು ಬಂದವಳ ತಳಿಗಳು ಜೀವಂತವಾಗಿರುತ್ತವೆ.