ಚಕ್ಕಡಿಯ ಕುಲದ ಮೇಜು

ಘಟಪ್ರಭೆಯ ದಂಡೆಯ ಮಸಗುಪ್ಪಿಯಲ್ಲಿ ಓಕ್ ಮರ ಬೆಳೆಯುವುದಿಲ್ಲ; ಆ ಮರದ ಬರವಣಿಗೆ ಮೇಜಾಗಲಿ, ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಎಂಬ ಅದರ ಶೈಲಿಯ ಹೆಸರಾಗಲಿ ಅಲ್ಲಿಯ ಬಡಿಗನಿಗೆ ಅಪರಿಚಿತವೇ ಸರಿ. ಆದರೂ ಅಂಥದೊಂದು ಮೇಜನ್ನು ಬೋರಲು ಹಾಕಿ ತೋರಿಸಿದ ಪಕ್ಷದಲ್ಲಿ, ಜಾಲಿಯ ಮರವನ್ನು ಬಾಚಿಯಿಂದ ಕೆತ್ತಿ ಚಕ್ಕಡಿ ಕೂರಿಗೆಗಳನ್ನು ಮಾಡಿ ಕೈ ಪಳಗಿಸಿಕೊಂಡ ಹಳೆಯ ಬಡಿಗನು ಅದನ್ನು ತನ್ನ ಕುಲದ್ದೆಂದೇ ಗುರುತಿಸುವನೆಂದು ನನ್ನ ನಂಬಿಕೆ.

1887ರಲ್ಲಿ ಅದೇ ಘಟಪ್ರಭೆಯ ಗೋಕಾಕ ಜಲಪಾತದ ನೀರು ನೂಲಿನ ಗಿರಣಿಯನ್ನು ತಿರುಗಿಸತೊಡಗಿತು. ಅದೇ ವರ್ಷ ಲಂಡನ್ನಿನಲ್ಲಿ, ಯಂತ್ರದ ಸರಕಿನ ನಿರ್ಜೀವ ಅಲಂಕಾರಕ್ಕೆ ಬೇಸತ್ತು, ದುಡಿಯುವವನ ಆನಂದವು ಅವನು ಮಾಡಿದ ವಸ್ತುವಿನಲ್ಲಿ ಕಾಣಬೇಕೆಂಬ ರಸ್ಕಿನ್, ಮಾರಿಸ್ ಎಂಬ ಚಿಂತಕರ ಉಪದೇಶಕ್ಕೆ ಮನಸೋತ ಕುಶಲಕರ್ಮಿಗಳ ಸಂಘಕ್ಕೆ, ಪುಸ್ತಕದ ರಟ್ಟು ಕಟ್ಟುವ ಕಾಬ್ಡನ್ ಸ್ಯಾಂಡರ್ಸನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಎಂಬ ಹೆಸರನ್ನು ಸೂಚಿಸಿದನು.

ಮೇಜಿನ ನಿಜವಾದ ಜನ್ಮವಾದರೋ ಹಳ್ಳಿಯಲ್ಲಿ. ಅರ್ನೆಸ್ಟ್ ಗಿಮ್ಸನ್, ಬಾರ್ನ್ಸ್ಲಿ ಸಹೋದರರು ಎಂಬ ವಾಸ್ತುಶಿಲ್ಪಿಗಳು 1893ರಲ್ಲಿ ರಾಜಧಾನಿಯನ್ನು ತೊರೆದು ಕಾಟ್ಸ್‌ವೋಲ್ಡ್ಸ್ ಗುಡ್ಡಗಾಡಿಗೆ ಹೋಗಿ ನೆಲೆಸಿ, ಅಲ್ಲಿಯ ರೈತರ ಬಂಡಿಗಳನ್ನೇ ಗುರುವೆಂದು ಬಗೆದರು. ಬಲ ಕುಂದದಂತೆ ಭಾರವನ್ನು ಇಳಿಸಲು ಮರದ ಅಂಚನ್ನು ಓರೆಯಾಗಿ ಕೆತ್ತುವ ಬಂಡಿಗಾರನ ಜಾಣ್ಮೆ ಮೇಜಿನ ಕಾಲಿಗೆ ಬಂತು. ಹುಲ್ಲು ಎಳೆಯುವ ದಂತಾಳದ ಕವಲು ಕಾಲುಗಳ ನಡುವಿನ ಅಡ್ಡಪಟ್ಟಿಯಾಯಿತು. ಕೆತ್ತಿದ ತುದಿಯನ್ನು ಎದುರಿನ ಮರದ ತೂತಿನಲ್ಲಿ ಹಾಯಿಸಿ, ಆಚೆಗೆ ಹೊರಬಂದ ಭಾಗಕ್ಕೆ ಬೆಣೆ ಹೊಡೆದು ಬಿಗಿಯುವ ಕೀಲನ್ನು, ನಾಗರಿಕ ಪೀಠೋಪಕರಣಗಳು ನಾಚಿ ಮರೆಮಾಡುತ್ತಿದ್ದುದನ್ನು, ಇವರು ಆಭರಣದಂತೆ ಮೆರೆಯಿಸಿದರು. ತಿರುಳಿನಿಂದ ಹೊರಮುಖವಾಗಿ ಕೊಯ್ದ ಓಕ್ ಹಲಗೆಯ ಮೇಲೆ ಬೆಳ್ಳಿಯ ಗೀರುಗಳಂತೆ ಹೊಳೆಯುವ ಕಿರಣರೇಖೆಗಳಿರಲು ಬೇರೆ ಚಿತ್ತಾರವೇತಕ್ಕೆ? ಕೆಲವು ಕಾರ್ಖಾನೆಗಳವರು ಮಾತ್ರ ಅಮೋನಿಯಾ ಆವಿಯಲ್ಲಿಟ್ಟು, ಮರದ ಒಗರಿನ ಗುಣದಿಂದಲೇ ಅದಕ್ಕೆ ಕಂದುಬಣ್ಣ ಬರಿಸುತ್ತಿದ್ದರು.

ಕೈಕೆಲಸಕ್ಕೆ ಹಿಡಿಯುವ ಕಾಲ ದೀರ್ಘವಾದುದರಿಂದ ಬೆಲೆ ಏರಿತು. ರೈತನ ಬಂಡಿಯಿಂದ ಕಲಿತ ಮೇಜು ಶ್ರೀಮಂತನ ಕೋಣೆಯನ್ನೇ ಸೇರಿತು. ಇದು ನನಗೆ ಇಂದಿಗೂ ನುಂಗಲಾರದ ವಿಪರ್ಯಾಸ. ಅಗ್ಗದ ಕಾರ್ಖಾನೆಗಳು ಈ ಶೈಲಿಯನ್ನು ಅನುಕರಿಸಿ, ಕೀಲಿಲ್ಲದ ಕಡೆ ಹುಸಿ ತುದಿಯ ಮರದ ತುಣುಕನ್ನು ಮೇಲಿನಿಂದ ಅಂಟಿಸಿದ್ದೂ ಉಂಟು. ಮೇಜನ್ನು ಬೋರಲು ಹಾಕಿದೊಡನೆ ನಮ್ಮ ಬಡಿಗನು ಬೆರಳಿನಿಂದ ತಡವಿ ಹುಡುಕುವುದೂ ಇದನ್ನೇ: ಈಚೆ ಕಾಣುವ ತುದಿ ಒಳಗಿನ ಮರದ್ದೇ ಹೌದೇ?